ಜೇಡ ಉಚ್ಚೆ ಹೊಯ್ದ ಕಣ್ಣು

ನನ್ನ ಎಡಗಣ್ಣು ಹೋದದ್ದು ಜೇಡದಿಂದಲ್ಲ. ಅದು ನನಗೆ ಗೊತ್ತಾಗುವ ಹೊತ್ತಿಗೆ ಕಣ್ಣು ಹೋಗಿಯಾಗಿತ್ತು. ಈಗ ಬಲಗಣ್ಣೂ ಹೋಗುತ್ತಿದೆ. ಅದಕ್ಕೂ ಜೇಡಕ್ಕೂ ಸಂಬಂಧವಿಲ್ಲ. ಆದರೂ ಕಣ್ಣಿನ ವಿಷಯ ಹೇಳಬೇಕಾದರೆ ಜೇಡದ ವಿಷಯ ಹೇಳದೆ ಆಗುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ದಪ್ಪಗೆ ಬರೆದರೆ ಮಾತ್ರ ನನಗೆ ಕಾಣುತ್ತದೆ, ಒಂದು ಹಾಳೆಗೆ ಎಂಟು ಸಾಲು ಹಿಡಿಯುತ್ತದೆ. ಅದಕ್ಕೇ ಬೇಡದ್ದನ್ನು ಬರೆಯುವುದಿಲ್ಲ.

ನನ್ನ ತವರು ಚಿಕ್ಕನಾಯಕನಹಳ್ಳಿ ಕಡೆ, ಗುಡ್ಡದ ಬುಡದ ಊರು. ಕುರಿ, ರಾಗಿ, ಕಂಬಳಿ, ಇಷ್ಟೇ ನಮ್ಮದು. ಅಪ್ಪ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಅವ್ವ ಹುಣಸೆಬೀಜ ಬೇಯಿಸಿ ಅರೆದು ಗಂಜಿ ಮಾಡಿ, ಬೀದಿಯುದ್ದಕ್ಕೂ ಎಳೆದು ಕಟ್ಟಿದ ನೂಲಿಗೆ ಬಳಿಯುತ್ತಿದ್ದಳು. ಮನೆಯ ಮೂಲೆಯಲ್ಲಿ ಜೇಡ ಕಂಡರೆ ಗಂಜಿ ಕೈಯಲ್ಲೇ ಪೊರಕೆ ಎತ್ತಿಕೊಳ್ಳುತ್ತಿದ್ದಳು.

"ಮೈಮ್ಯಾಲೆ ಉಚ್ಚೆ ಹುಯ್ದ್ರೆ ಬೊಬ್ಬೆ ಏಳ್ತವೆ ಕಣೇ. ಕಣ್ಣಿಗೆ ಹುಯ್ದ್ರೆ ಕಣ್ಣೇ ಹೋಯ್ತದೆ" ಅನ್ನುತ್ತಿದ್ದಳು.

ಅವ್ವ ಹೇಳಿದ್ದನ್ನೆಲ್ಲ ನಾನು ನಂಬಲಿಲ್ಲ. ಇದನ್ನು ನಂಬಿದೆ. ಬೇರೆ ಯಾವುದನ್ನಾದರೂ ನಂಬಬಹುದಾಗಿತ್ತು.

ಮದುವೆ ಮಾಡಿ ತುರುವೇಕೆರೆ ಕಡೆಗೆ ಕೊಟ್ಟರು. ಇಲ್ಲಿ ಮನೆಯೆಂದರೆ ಕೆಳಗೆ ಜನ, ಮೇಲೆ ಕಾಯಿ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹನ್ನೊಂದು ಹನ್ನೆರಡು ತಿಂಗಳು ಅಲ್ಲೇ ಇರುತ್ತದೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಲ್ಲೀತನಕ ಯಾರೂ ಕದಲಿಸುವುದಿಲ್ಲ. ಒಂದು ವರ್ಷ ಯಾರೂ ಕದಲಿಸದ ಬೆಚ್ಚಗಿನ ಕತ್ತಲೆ ಜಾಗ, ಕೆಳಗೆ ಒಲೆ. ಜೇಡಕ್ಕೆ ಇನ್ನೇನು ಬೇಕು.

ಮದುವೆಯಾದ ವರ್ಷ ನನ್ನನ್ನು ಅಟ್ಟ ಹತ್ತಿಸಿದರು. ಕಾಯಿ ಎತ್ತಿದೆ, ಮಟ್ಟೆಯ ಹಿಂದಿನಿಂದ ಅಂಗೈ ಅಗಲದ ಜೇಡ ಬಂದು ನನ್ನ ಮೊಣಕೈ ಮೇಲೆ ಹರಿದು ಹೋಯಿತು. ನಾನು ಏಣಿ ಇಳಿಯಲಿಲ್ಲ, ಹಾರಿದೆ. ಕಾಲು ಉಳುಕಿತು. ನಮ್ಮತ್ತೆ ಕಾಲು ನೋಡುವ ಮೊದಲು ಕಾಯಿ ನೋಡಿದಳು.

"ಗುಡ್ಡದ್ ಕಡೆ ಹೆಣ್ಣು ತಂದ್ರೆ ಇಂಗೇಯ. ಕುರಿ ಕಾಯಾವಾಗ ತೋಳ ಅಂದ್ರೆ ಹೆದ್ರಲ್ಲ, ಅಟ್ಟದಾಗೆ ಹುಳ ಅಂದ್ರೆ ಹಾರ್ತದೆ" ಅಂದಳು.

ಆಮೇಲೆ ನಾನು ಹಾರಲಿಲ್ಲ. ಕೊಲ್ಲುವುದು ಕಲಿತೆ. ಉದ್ದ ಬಿದಿರು ಕೋಲಿಗೆ ಪೊರಕೆ ಕಟ್ಟಿಕೊಂಡು ಮೊದಲು ಅಟ್ಟವನ್ನೆಲ್ಲ ಬಡಿದು, ಬಿದ್ದ ಜೇಡವನ್ನೆಲ್ಲ ಹೊಸಕಿ, ಆಮೇಲೆ ಕಾಯಿಗೆ ಕೈ ಹಾಕುತ್ತಿದ್ದೆ. ಸೆರಗನ್ನು ತಲೆಗೂ ಮುಖಕ್ಕೂ ಸುತ್ತಿಕೊಳ್ಳುತ್ತಿದ್ದೆ, ಕಣ್ಣು ಮಾತ್ರ ಬಿಟ್ಟು. ನಲವತ್ತು ವರ್ಷ ಹೀಗೆ ಮಾಡಿದೆ. ಎಷ್ಟು ಕೊಂದೆನೋ ಲೆಕ್ಕವಿಲ್ಲ.

ಒಂದು ವಿಷಯ ಈಗ ನೆನೆದರೆ ನಗು ಬರುತ್ತದೆ. ಕೊಬ್ಬರಿಯ ಚಿಪ್ಪು ಒಡೆಯುವಾಗ ಹೆಂಗಸರ ಬೆರಳಿಗೆ ಮಚ್ಚು ತಾಗುವುದು ಇದ್ದದ್ದೇ. ಆಗ ನಮ್ಮತ್ತೆ ಗೋಡೆಗೆ ಅಂಟಿಕೊಂಡ ಬಿಳಿ ಬಿಲ್ಲೆ ಕಿತ್ತು ತಂದು ಗಾಯಕ್ಕೆ ಒತ್ತುತ್ತಿದ್ದಳು. ಅದು ಜೇಡ ಮೊಟ್ಟೆ ಇಡಲು ಮಾಡಿಕೊಂಡ ಚೀಲ. ತೆಳ್ಳಗೆ ಕಾಗದದ ಹಾಗೆ ಇರುತ್ತದೆ, ರಕ್ತಕ್ಕೆ ಕಚ್ಚಿಕೊಳ್ಳುತ್ತದೆ. ಅದರ ಉಚ್ಚೆ ವಿಷ, ಅದರ ಚೀಲ ಔಷಧ. ಇದು ಹೇಗೆ ಎಂದು ನಮ್ಮತ್ತೆಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹತ್ತು ವರ್ಷದ ಹಿಂದೆ ಒಂದು ಬೇಸಿಗೆ. ಅಟ್ಟದಿಂದ ಕಾಯಿ ಇಳಿಸಿ ಎರಡು ದಿನವಾಗಿತ್ತು. ಎಡಗಡೆ ಹಣೆ ಉರಿಯತೊಡಗಿತು. ಒಲೆಯ ಕೆಂಡ ಇಟ್ಟ ಹಾಗೆ ಉರಿ, ಮುಟ್ಟಿದರೆ ಕೂದಲು ಕೂಡ ನೋಯುತ್ತಿತ್ತು. ಮೂರನೇ ದಿನ ಹಣೆಯಿಂದ ರೆಪ್ಪೆಯವರೆಗೆ ನೀರುಗುಳ್ಳೆ ಸಾಲಾಗಿ ಎದ್ದವು. ಬಲಗಡೆ ಒಂದೂ ಇಲ್ಲ.

ಮನೆಯಲ್ಲಿ ಆಗ ನಾನು, ನನ್ನ ಗಂಡ, ನನ್ನ ವಾರಗಿತ್ತಿ, ಅವಳ ಮಗ ಸೊಸೆ. ವಾರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಮೈದುನ ಬೇಗ ಹೋದ. ನನಗೆ ಮಕ್ಕಳಾಗಲಿಲ್ಲ. ಅವಳ ಮಗನೇ ತೋಟ ನೋಡಿಕೊಳ್ಳುತ್ತಾನೆ. ಅವಳಿಗೆ ನನಗಿಂತ ನಾಲ್ಕು ವರ್ಷ ಕಮ್ಮಿ, ಮಾತು ನಾಲ್ಕು ಪಟ್ಟು ಜಾಸ್ತಿ.

ಅವಳು ನನ್ನ ಮುಖ ನೋಡಿದ ಕೂಡಲೇ ಅಂದಳು: "ಜೇಡ್ರುಳ ಉಚ್ಚೆ ಹುಯ್ದೈತೆ ಕಣಕ್ಕ."

"ಗೊತ್ತು ಬುಡೇ" ಅಂದೆ. ನನಗೆ ಐವತ್ತು ಅರವತ್ತು ವರ್ಷದಿಂದ ಗೊತ್ತಿತ್ತು.

ಗಂಡ ಮಾತ್ರ, "ತಿಪಟೂರಿಗೆ ಬಸ್ಸೈತೆ. ಡಾಕ್ಟ್ರಿಗೆ ತೋರುಸ್ಕಂಡ್ ಬರಾನ ನಡಿಯೇ" ಅಂದ.

"ಜೇಡದ್ ಬಾಧೆಗೆ ಸೂಜಿ ಚುಚ್ಚುಸ್ಬಾರ್ದು ಕಣ್ರೀ. ಒಳಿಕ್ಕೋಯ್ತದೆ" ಅಂದೆ.

"ನಿಂಗೆ ಹೇಳಾಕೆ ಬಂದ ನಾನೇ ಗಾಂಪ" ಅಂತ ಟವಲ್ಲು ಕೊಡವಿಕೊಂಡು ತೋಟಕ್ಕೆ ಹೋದ.

ಅವನು ಇನ್ನೊಂದು ಸಲ ಹೇಳಬಹುದಾಗಿತ್ತು. ನಾನು ಕೇಳುತ್ತಿರಲಿಲ್ಲ. ಅವನ ತಪ್ಪಿಲ್ಲ.

ಪಕ್ಕದ ಹಳ್ಳಿಯಲ್ಲಿ ಒಬ್ಬ ಮುದುಕ ಇದಕ್ಕೆ ಮದ್ದು ಹಾಕುತ್ತಾನೆ. ಹೋದೆವು. ಅವನು ನನ್ನ ಹಣೆ ಮುಟ್ಟಲೂ ಇಲ್ಲ.

"ಅಟ್ಟ ಹತ್ತಿದ್ಯೇನವ್ವ?"

"ಹತ್ತಿದ್ದೆ."

"ಅಷ್ಟೇ ಮತ್ತೆ."

ಕೆಮ್ಮಣ್ಣನ್ನು ಕಲ್ಲಿನ ಮೇಲೆ ತೇದು ಗುಳ್ಳೆಗಳ ಮೇಲೆ, ರೆಪ್ಪೆಯ ಮೇಲೆ ಹಚ್ಚಿ ಏನೋ ಗೊಣಗಿದ. ಒಂಬತ್ತು ದಿನ ತಲೆಗೆ ನೀರು ಹಾಕಬಾರದು, ಒಗ್ಗರಣೆ ವಾಸನೆ ತಾಕಬಾರದು ಅಂದ. ನಾನು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಒಂಬತ್ತು ದಿನ ಮಲಗಿದೆ. ದಿನಾ ಹೊಸ ಮಣ್ಣು. ಮಣ್ಣು ಒಣಗಿ ರೆಪ್ಪೆ ಬಿಗಿದುಕೊಂಡಿತ್ತು, ಕಣ್ಣು ಬಿಡಲು ಆಗುತ್ತಿರಲಿಲ್ಲ. ಒಳಗೆ ಮರಳು ಹಾಕಿ ಉಜ್ಜಿದ ಹಾಗಾಗುತ್ತಿತ್ತು. ಮದ್ದು ಕೆಲಸ ಮಾಡುತ್ತಿದೆ ಅಂದುಕೊಂಡೆ. ಗುಳ್ಳೆ ಒಣಗಿ ಹೊಪ್ಪಳೆ ಉದುರಿತು. ಹತ್ತನೇ ದಿನ ಮಣ್ಣು ತೊಳೆದು ಕಣ್ಣು ಬಿಟ್ಟರೆ ಎಡಗಡೆ ಬರೀ ಮಜ್ಜಿಗೆ.

ತಿಪಟೂರಿನ ಕಣ್ಣಿನ ಆಸ್ಪತ್ರೆಗೆ ವಾರಗಿತ್ತಿಯ ಮಗ ಬೈಕಿನಲ್ಲಿ ಕರೆದುಕೊಂಡು ಹೋದ. ಡಾಕ್ಟರು ಚಿಕ್ಕ ಹುಡುಗಿ. ದೀಪ ಬಿಟ್ಟು ನೋಡಿದಳು.

"ಏನ್ ಹಚ್ಚಿದ್ರಿ ಅಜ್ಜಿ?"

"ಕೆಮ್ಮಣ್ಣು."

"ಎಷ್ಟ್ ದಿನ ಆಯ್ತು?"

"ಗುಳ್ಳೆ ಎದ್ದು ಹನ್ನೆರಡು ದಿನ. ಜೇಡ ಉಚ್ಚೆ ಹುಯ್ದಿತ್ತು."

"ಜೇಡ ಅಲ್ಲ ಅಜ್ಜಿ. ಚಿಕ್ಕೋರಿದ್ದಾಗ ಅಮ್ಮ ಎದ್ದಿತ್ತಾ ನಿಮ್ಗೆ? ಮೈಯೆಲ್ಲ ಗುಳ್ಳೆ?"

"ಎದ್ದಿತ್ತು. ಆರು ವರ್ಷ ಇರ್ಬೋದು."

"ಅದೇ ಇದು. ಅದು ಪೂರ್ತಿ ಹೋಗಿರಲ್ಲ. ನರದೊಳಗೆ ಮಲಗಿರುತ್ತೆ. ವಯಸ್ಸಾದ್ಮೇಲೆ ಎದ್ದೇಳುತ್ತೆ."

"ಅರವತ್ ವರ್ಷ ಮಲಗಿತ್ತಾ?"

"ಮಲಗಿತ್ತು" ಅಂದಳು. ಆಮೇಲೆ ಬರೆಯುತ್ತಾ, ನನ್ನನ್ನು ನೋಡದೆ, "ಮೊದಲ ಮೂರು ದಿನದಲ್ಲಿ ಬಂದಿದ್ರೆ ಮಾತ್ರೆಯಲ್ಲೇ ತಡೀಬೋದಿತ್ತು" ಅಂದಳು.

ಇದನ್ನು ಅವಳು ಹೇಳದೆ ಇರಬಹುದಾಗಿತ್ತು. ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾನು ಇವತ್ತಿಗೂ ಜೇಡವನ್ನೇ ಬೈಯುತ್ತಾ ಕೂತಿರುತ್ತಿದ್ದೆ.

ಮನೆಗೆ ಬಂದು ಪೊರಕೆ ಕೋಲು ತೆಗೆದುಕೊಂಡು ಅಟ್ಟ ಹತ್ತಿದೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಜೇಡದ ತಪ್ಪಿಲ್ಲ ಎಂದು ತಿಳಿದ ಮೇಲೂ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ತೊಲೆಯ ಮೇಲೆ ಒಂದು ದೊಡ್ಡದು ಕೂತಿತ್ತು. ಬೀಸಿದೆ. ತಪ್ಪಿತು. ಮತ್ತೆ ಬೀಸಿದೆ, ತೊಲೆಗೆ ಒಂದು ಮೊಳ ಈಚೆಗೇ ಪೊರಕೆ ಹೋಯಿತು. ಒಂದು ಕಣ್ಣಿನಲ್ಲಿ ದೂರ ಹತ್ತಿರ ತಿಳಿಯುವುದಿಲ್ಲ, ಅದು ನನಗೆ ಅವತ್ತು ಗೊತ್ತಾಯಿತು. ನಲವತ್ತು ವರ್ಷ ಗುರಿ ತಪ್ಪದ ಕೈ. ಅಲ್ಲೇ ಕೂತುಬಿಟ್ಟೆ.

ಜೇಡ ಓಡಿರಲಿಲ್ಲ. ಎರಡು ಏಟು ಬೀಸಿದರೂ ಎರಡು ಹೆಜ್ಜೆ ಸರಿದು ನಿಂತಿತ್ತು, ಅಷ್ಟೇ. ಯಾಕೆ ಎಂದು ಹತ್ತಿರ ಹೋಗಿ ನೋಡಿದೆ. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆ ಕಚ್ಚಿ ಹಿಡಿದುಕೊಂಡಿತ್ತು. ನಮ್ಮತ್ತೆ ಗಾಯಕ್ಕೆ ಅಂಟಿಸುತ್ತಿದ್ದಳಲ್ಲ, ಅದೇ. ಅದನ್ನು ಎತ್ತಿಕೊಂಡು ಓಡಲು ಆಗುವುದಿಲ್ಲ, ಬಿಟ್ಟು ಓಡಲು ಮನಸ್ಸಿಲ್ಲ.

ಮಾರನೇ ದಿನವೂ ಹೋಗಿ ನೋಡಿದೆ. ಅಲ್ಲೇ ಇತ್ತು. ಮುಂದಿನ ದಿನವೂ. ಪಕ್ಕದಲ್ಲಿ ಜಿರಲೆ ಹಾದುಹೋದರೂ ಹಿಡಿಯಲಿಲ್ಲ. ಬಾಯಿಗೆ ಏನೂ ಇಲ್ಲದೆ ಹೊಟ್ಟೆ ಸುಕ್ಕುಗಟ್ಟಿತು. ಇಪ್ಪತ್ತು ದಿನ ದಾಟಿದ ಮೇಲೆ ಬಿಲ್ಲೆ ಬಿರಿದು ಸಾಸಿವೆ ಕಾಳಿನಂಥವು ನೂರಾರು ಹೊರಗೆ ಬಂದವು. ಎರಡು ದಿನ ತಾಯಿಯ ಸುತ್ತ ಇದ್ದು ಚದುರಿದವು. ತಾಯಿ ಆ ಕಡೆ ತಿರುಗಿಯೂ ನೋಡದೆ ಹೋಗಿ ಜಿರಲೆ ಹಿಡಿಯಿತು. ಮರಿಗಳನ್ನು ಹಲ್ಲಿ ತಿಂದಿತು, ಇರುವೆ ಎಳೆದುಕೊಂಡು ಹೋದವು, ಒಂದನ್ನೊಂದು ತಿಂದವು. ತಿಂಗಳು ಕಳೆದು ನೋಡಿದರೆ ನಾಲ್ಕೋ ಐದೋ. ಬೇಜಾರಾಗಲಿಲ್ಲ. ನಾನು ನೋಡುತ್ತಾ ಕೂತಿದ್ದೆ, ಅಷ್ಟೇ. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಜೇಡಕ್ಕೆ ನಾನು ತಪ್ಪಾಯಿತು ಅಂತ ಹೇಳಲಿಲ್ಲ. ಹುಳಕ್ಕೆ ಹೇಳುವುದೇನು. ಕೊಲ್ಲುವುದು ಬಿಟ್ಟೆ.

ಗಂಡ ಎರಡು ವರ್ಷಕ್ಕೆ ಹೋದ. ಆಮೇಲೆ ನನ್ನ ಸಂಜೆಗಳೆಲ್ಲ ಜಗಲಿಯ ಮೇಲೆ. ಜಗಲಿಯ ಎರಡು ಕಂಬದ ನಡುವೆ ಬೇರೆ ಜಾತಿಯ ಜೇಡ ಬಲೆ ಕಟ್ಟುತ್ತದೆ, ಚಕ್ರದಂಥ ಬಲೆ. ದೀಪ ಹಚ್ಚುವ ಹೊತ್ತಿಗೆ ಕೆಲಸಕ್ಕೆ ಇಳಿಯುತ್ತದೆ. ಮೊದಲು ಕಂಬದಿಂದ ಕಂಬಕ್ಕೆ ಒಂದು ಎಳೆ. ಆಮೇಲೆ ನಡುವಿನಿಂದ ಗಾಡಿಚಕ್ರದ ಕಡ್ಡಿಗಳಂತೆ ಒಣ ಎಳೆಗಳು. ಆಮೇಲೆ ಒಳಗಿನಿಂದ ಹೊರಗೆ ದೂರ ದೂರ ಒಂದು ಸುತ್ತು, ಬರೀ ಕಾಲಿಡಲು. ಕೊನೆಗೆ ಹೊರಗಿನಿಂದ ಒಳಗೆ ಅಂಟಿನ ಎಳೆ, ಒತ್ತೊತ್ತಾಗಿ. ಅಂಟಿನದ್ದು ಹಾಕುತ್ತಾ ಮೊದಲು ಹಾಕಿದ ಸುತ್ತನ್ನು ಕಿತ್ತು ನುಂಗುತ್ತದೆ. ನೂಲು ದಂಡವಾಗುವುದಿಲ್ಲ. ಹಿಂಗಾಲಿನಲ್ಲಿ ಎಳೆಯ ಅಂತರ ಅಳೆಯುವುದನ್ನು ನೋಡಿ ಅಪ್ಪ ನೆನಪಾದ. ಅವನು ಬೆರಳಿನಲ್ಲಿ ಹಾಗೇ ಅಳೆಯುತ್ತಿದ್ದ. ಬೆಳಗಾದರೆ ಬಲೆಯನ್ನೆಲ್ಲ ಸುತ್ತಿ ತಿಂದು ಸೂರಿನ ಸಂದಿಗೆ ಹೋಗಿಬಿಡುತ್ತದೆ. ಅಪ್ಪ ಇದನ್ನು ನೋಡಿದ್ದರೆ, ಒಂದು ದಿನಕ್ಕೋಸ್ಕರ ಯಾರಾದ್ರೂ ನೇಯ್ತಾರೇನ್ಲಾ ಅಂತ ಬೈಯುತ್ತಿದ್ದ.

ವಾರಗಿತ್ತಿಗೆ ಇದೆಲ್ಲ ತಮಾಷೆ. ಜೇಡಕ್ಕೆ ನನ್ನ ಸೊಸೆ ಎಂದು ಹೆಸರಿಟ್ಟಳು.

"ಬಾರಕ್ಕ, ನಿನ್ ಸೊಸೆ ಕೆಲ್ಸುಕ್ ಇಳಿದವ್ಳೆ. ನನ್ ಸೊಸೆ ಇನ್ನೂ ಟೀವಿ ಮುಂದೆ ಕುಂತವ್ಳೆ."

"ನನ್ ಸೊಸೆ ತಿರುಗಿ ಮಾತಾಡಲ್ಲ ಕಣೇ."

"ನಿನ್ ಸೊಸೆ ಗಂಡನ್ನ ತಿಂತಾಳಂತೆ."

"ಗಂಡನ್ನ ತಿಂದ್ರೂ ಅತ್ತೇನ ತಿನ್ನಲ್ಲ."

ಅವಳು ನಗುತ್ತಾಳೆ, ಆದರೆ ಕಂಬದ ಹತ್ತಿರ ಬರುವುದಿಲ್ಲ. ಅವಳಿಗೆ ಈಗಲೂ ಭಯ. ಡಾಕ್ಟರು ಹೇಳಿದ್ದನ್ನು ಹತ್ತು ಸಲ ಹೇಳಿದ್ದೇನೆ. "ಆ ಹುಡ್ಗಿಗೇನ್ ಗೊತ್ತು, ಪ್ಯಾಟೇಲಿ ಹುಟ್ಟಿದವ್ಳು" ಅನ್ನುತ್ತಾಳೆ.

ಅದಕ್ಕೆ ನಾನೇ ಒಂದು ಪರೀಕ್ಷೆ ಮಾಡಿದೆ. ಬಲೆಯ ಕೆಳಗೆ ನೆಲದ ಮೇಲೆ ಸುಣ್ಣದ ಹನಿಯಂಥ ಬಿಳಿ ಚುಕ್ಕೆ ಬಿದ್ದಿರುತ್ತವೆ. ಅದೇ ಅದರ ಉಚ್ಚೆ, ಅದೇ ಅದರ ಹೇಲು, ಎರಡೂ ಒಂದೇ. ಒಂದು ಸಂಜೆ ತೋಳು ಒಡ್ಡಿಕೊಂಡು ಕೂತೆ. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ಒಂದು ಹನಿ ಬಿತ್ತು. ಒರೆಸಲಿಲ್ಲ. ವಾರಗಿತ್ತಿ ಮೂರು ದಿನ ನನ್ನ ತೋಳು ತಿರುಗಿಸಿ ತಿರುಗಿಸಿ ನೋಡಿದಳು. ಗುಳ್ಳೆಯಿಲ್ಲ, ಉರಿಯಿಲ್ಲ, ಏನೂ ಇಲ್ಲ.

"ನಿನ್ ಚರ್ಮ ಒರಟು ಬುಡಕ್ಕ, ಅದುಕ್ಕೇ" ಅಂದಳು.

ಹೋದ ವರ್ಷ ಕೊಬ್ಬರಿ ಒಡೆಯಲು ಬರುವ ಹೆಂಗಸೊಬ್ಬಳಿಗೆ ಸೊಂಟದ ಒಂದು ಪಕ್ಕ ಗುಳ್ಳೆ ಎದ್ದವು. ನಾನು ಅವಳ ಕೈ ಹಿಡಿದುಕೊಂಡು ಹೇಳಿದೆ, ನನ್ನ ಕಣ್ಣು ತೋರಿಸಿ ಹೇಳಿದೆ, ಇವತ್ತೇ ಆಸ್ಪತ್ರೆಗೆ ಹೋಗು ಅಂದೆ. ಅವಳು ಅದೇ ಮುದುಕನ ಹತ್ತಿರ ಹೋದಳು. ಹದಿನೈದು ದಿನಕ್ಕೆ ಗುಳ್ಳೆ ಒಣಗಿತು. ಅದು ಮದ್ದು ಹಾಕಿದರೂ ಒಣಗುತ್ತದೆ, ಹಾಕದಿದ್ದರೂ ಒಣಗುತ್ತದೆ, ಡಾಕ್ಟರು ಹೇಳಿದ್ದಳು. ಸೊಂಟಕ್ಕೆ ಕಣ್ಣಿಲ್ಲವಲ್ಲ, ಹೋಗಲು. ಅವಳು ಬಂದು ಸೀರೆ ಸರಿಸಿ ತೋರಿಸಿದಳು.

"ನೋಡಕ್ಕ, ಹೋಯ್ತು. ನೀನು ಸುಮ್ಕೆ ಹೆದ್ರುಸ್ಬುಟ್ಟೆ. ನಿಂಗೆ ಮಣ್ಣು ಸರ್ಯಾಗ್ ಹಚ್ಚಿಲ್ಲ ಅನ್ಸುತ್ತೆ."

ಮುದುಕನ ಮನೆ ಮುಂದೆ ಈಗಲೂ ಜನ ಕೂತಿರುತ್ತಾರೆ. ಇನ್ನು ಯಾರಿಗೂ ಹೇಳಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಬಲಗಣ್ಣಿನದು ನಾಲ್ಕು ವರ್ಷದಿಂದ. ಇದು ಬೇರೆ ಕಾಯಿಲೆ. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆಯಂತೆ. ಬದಿಗಳಿಂದ ಮುಚ್ಚಿಕೊಂಡು ಬರುತ್ತಿದೆ. ನೋಯುವುದಿಲ್ಲ, ಅದಕ್ಕೇ ನನಗೆ ಗೊತ್ತಾಗಲಿಲ್ಲ. ಹೊಸ್ತಿಲು ಎಡವಿ ಎಡವಿ ಬಿದ್ದ ಮೇಲೆ ತಿಪಟೂರಿಗೆ ಹೋದೆವು. ಈ ಸಲ ಕೆಮ್ಮಣ್ಣು ಹಚ್ಚಲಿಲ್ಲ, ಸೀದಾ ಹೋದೆವು. ಅದೇ ಡಾಕ್ಟರು.

"ಹೋಗಿರೋದು ವಾಪಸ್ ಬರಲ್ಲ ಅಜ್ಜಿ. ಇರೋದು ನಿಲ್ಲುತ್ತಾ ನೋಡೋಣ. ಬೆಳಿಗ್ಗೆ ಸಂಜೆ ಒಂದೊಂದು ಹನಿ ಬಿಟ್ಕೊಳಿ."

ಬಿಟ್ಟುಕೊಂಡೆ. ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಕೈ ನಡುಗುತ್ತದೆ ಅಂತ ವಾರಗಿತ್ತಿಯೇ ಹನಿ ಬಿಡುತ್ತಾಳೆ. ನಿಲ್ಲಲಿಲ್ಲ. ಸರಿಯಾದ ಹೊತ್ತಿಗೆ ಹೋದರೆ ಕಣ್ಣು ಉಳಿಯುತ್ತದೆ ಅಂದುಕೊಂಡಿದ್ದೆ, ಅದೂ ಜೇಡದ ಉಚ್ಚೆಯಂಥದ್ದೇ ಒಂದು ನಂಬಿಕೆ ಆಯಿತು. ಈಗ ಉಳಿದಿರುವುದು ಊದುಕೊಳವೆಯೊಳಗಿಂದ ನೋಡಿದಷ್ಟು. ಆ ಸಂದಿಯಲ್ಲಿ ಮನುಷ್ಯರ ಮುಖ ಪೂರ್ತಿ ಹಿಡಿಯುವುದಿಲ್ಲ, ಮೂಗು ಕಂಡರೆ ಬಾಯಿ ಇಲ್ಲ. ಜೇಡ ಹಿಡಿಯುತ್ತಿತ್ತು. ಪೂರ್ತಿ ಕಾಣುತ್ತಿದ್ದದ್ದು ಅದೊಂದೇ. ನಾನು ಅಷ್ಟು ಆಸೆಯಿಂದ ಅದನ್ನು ನೋಡಿದ್ದಕ್ಕೆ ಅದೂ ಕಾರಣ ಇರಬಹುದು.

ಅಟ್ಟದಲ್ಲಿ ಈಗ ಜೇಡವಿಲ್ಲ. ಎಳನೀರು ಲಾರಿ ತೋಟದ ಬಾಗಿಲಿಗೇ ಬರುತ್ತದೆ, ಕಾಯಿ ಬಲಿಯುವತನಕ ಯಾರು ಕಾಯುತ್ತಾರೆ. ನಮ್ಮಲ್ಲಿ ಎರಡು ವರ್ಷದಿಂದ ಅಟ್ಟಕ್ಕೆ ಕಾಯಿ ಹಾಕಿಲ್ಲ. ಅಡುಗೆ ಗ್ಯಾಸಿನಲ್ಲಿ, ಹೊಗೆಯೂ ಇಲ್ಲ. ಕಾಯಿಯಿಲ್ಲದ ಅಟ್ಟದಲ್ಲಿ ಜಿರಲೆಯಿಲ್ಲ, ಜಿರಲೆಯಿಲ್ಲದಲ್ಲಿ ಜೇಡ ಯಾಕಿರುತ್ತದೆ. ಕೊನೆಯ ಸಲ ಹತ್ತಿದಾಗ ಒಂದು ಹಳೆಯ ಜೇಡದ ಪೊರೆ ತೊಲೆಗೆ ಅಂಟಿಕೊಂಡಿತ್ತು, ಕಾಲೆಲ್ಲ ಇತ್ತು, ಒಳಗೆ ಟೊಳ್ಳು. ಆಮೇಲೆ ಏಣಿ ಹತ್ತಬೇಡ ಅಂತ ವಾರಗಿತ್ತಿಯ ಮಗ ಏಣಿಯನ್ನೇ ತೋಟದ ಮನೆಗೆ ಸಾಗಿಸಿದ.

ಉಳಿದದ್ದು ಜಗಲಿಯ ಕಂಬದ್ದು. ಆ ಎರಡು ಕಂಬದ ನಡುವೆ ಪೊರಕೆ ಹಾಕಬಾರದು ಎಂದು ವಾರಗಿತ್ತಿಯ ಹತ್ತಿರ ಮಾತು ತೆಗೆದುಕೊಂಡಿದ್ದೆ. ಈ ಬೇಸಿಗೆಯಿಂದ ಎಳೆ ನನಗೆ ಕಾಣುವುದಿಲ್ಲ. ಮೊದಲು ಎಳೆ ಹೋಯಿತು, ಆಮೇಲೆ ಜೇಡವೂ ಬರೀ ಚುಕ್ಕೆ ಆಯಿತು, ಆಮೇಲೆ ಚುಕ್ಕೆಯೂ ಇಲ್ಲ. ದಪ್ಪ ಅಕ್ಷರ ಇನ್ನೂ ಕಾಣುತ್ತದೆ, ಹಗಲಿನಲ್ಲಿ. ಸಂಜೆಯಾದರೆ ಜೇಡ ಇದೆಯಾ ಎಂದು ವಾರಗಿತ್ತಿಯನ್ನು ಕೇಳುತ್ತೇನೆ.

"ಅವಳಾ?"

"ಅವ್ಳೆ ಕಣಕ್ಕ. ಕಡ್ಡಿ ಮುಗೀತು, ಸುತ್ತು ಹಾಕ್ತಾವ್ಳೆ."

ಹತ್ತಿರ ಬರಲು ಹೆದರುವವಳು ದೂರ ನಿಂತು ಇಷ್ಟೆಲ್ಲ ಹೇಗೆ ನೋಡುತ್ತಾಳೆ ಎಂದು ನಾನು ಕೇಳಲಿಲ್ಲ. ಹೇಳುತ್ತಾಳಲ್ಲ, ಸಾಕು ಅಂದುಕೊಂಡಿದ್ದೆ.

ಮೊನ್ನೆ ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬಕ್ಕೆ ಮನೆ ಧೂಳು ಹೊಡೆದರು. ನಾನು ಒಳಗೆ ಕೂತು ರಾಗಿ ಹಸನು ಮಾಡುತ್ತಿದ್ದೆ, ಕೈಯಲ್ಲೇ ತಿಳಿಯುತ್ತದೆ, ಕಣ್ಣು ಬೇಡ. ಜಗಲಿಯಲ್ಲಿ ಬಿದಿರು ಕೋಲಿನ ಪೊರಕೆ ಸೂರಿಗೆ ತಾಗುವ ಸದ್ದು ಕೇಳಿತು. ಆಮೇಲೆ ಕಂಬಕ್ಕೆ ತಾಗುವ ಸದ್ದು. ಆ ಸದ್ದು ನನಗೆ ತಪ್ಪುವುದಿಲ್ಲ, ನಲವತ್ತು ವರ್ಷ ನಾನೇ ಬಡಿದಿದ್ದೇನೆ. ಆಮೇಲೆ ನೆಲದ ಮೇಲೆ ಕಾಲು ಒಂದು ಸಲ ಒತ್ತಿ ತಿರುಗಿಸಿದ ಸದ್ದು.

ಸಂಜೆ ಹೊರಗೆ ಬಂದೆ. ವಾರಗಿತ್ತಿ ಅಡುಗೆಮನೆಯಲ್ಲಿದ್ದಳು.

"ಅವಳೇನೇ?" ಅಂತ ಕೂಗಿದೆ.

"ಅವ್ಳೆ ಕಣಕ್ಕ. ಬಾಗ್ಲಿಂದ್ಲೇ ಕಾಣ್ತದೆ. ಇವತ್ತು ದೊಡ್ಡದಾಗೇ ಕಟ್ಟವ್ಳೆ."

"ಎಲ್ಲಿಂದ ಎಲ್ಲಿಗೆ?"

"ಈ ಕಂಬದಿಂದ ಆ ಕಂಬುಕ್ಕೆ."

ನಾನು ಎರಡು ಕಂಬದ ನಡುವೆ ನಿಂತಿದ್ದೆ. ಒಂದು ಕೈ ಈ ಕಂಬದ ಮೇಲಿತ್ತು, ಇನ್ನೊಂದನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿದೆ. ಬೆರಳಿಗೆ ಏನೂ ತಾಗಲಿಲ್ಲ.

"ಸರಿ ಬುಡು" ಅಂದೆ.

ಅವಳು ಕೈ ಒರೆಸಿಕೊಂಡು ಬಂದಳು. ನಾನು ಜಗಲಿಯ ಮೇಲೆ ಕೂತು ತಲೆ ಹಿಂದಕ್ಕೆ ಹಾಕಿದೆ. ಅವಳು ಬಲಗಣ್ಣಿನ ರೆಪ್ಪೆ ಹಿಡಿದು ಸಂಜೆಯ ಹನಿ ಬಿಟ್ಟಳು.